ಡೇರೆ ಮಲಗುವ ಹೊತ್ತು, ಸುರಗಿ ಅರಳುವ ಹೊತ್ತು

ಮೊನ್ನೆ ಶಿವಮೊಗ್ಗದಿಂದ ಸೊಸೆ ಫೋನ್ ಮಾಡಿದ್ದಳು. "ಅತ್ತೆ, ಟೆರೇಸಿನ ಡೇರೆ ಗಿಡ ಎಲ್ಲ ಸೊರಗಿ ಹೋಗ್ತಾ ಇದೆ. ದಿನಾ ಎರಡು ಹೊತ್ತು ನೀರು ಹಾಕ್ತಾ ಇದ್ದೀನಿ. ಗೊಬ್ಬರಾನೂ ಹಾಕಿದೆ. ಇನ್ನೇನು ಮಾಡ್ಲಿ?" ನಾನೆಂದೆ, "ಏನೂ ಮಾಡ್ಬೇಡ ಮಾರಾಯ್ತಿ. ಅದಕ್ಕೆ ನಿದ್ದೆ ಬಂದಿದೆ. ಮಲಗಲಿ ಬಿಡು."

ಮಲೆನಾಡಿನ ಅಂಗಳದಲ್ಲಿ ಹೂವಿನ ಲೆಕ್ಕವೇ ಬೇರೆ. ನಮ್ಮ ಡೇರೆ, ಅಂದರೆ ಪೇಟೆಯವರ ಡೇಲಿಯಾ, ಮಳೆಗಾಲದಲ್ಲಿ ಚಿಗುರಿ, ದೀಪಾವಳಿ ದಾಟುವವರೆಗೆ ಹೂ ಕೊಟ್ಟು, ಸಂಕ್ರಾಂತಿ ಹೊತ್ತಿಗೆ ಸಾಕಪ್ಪಾ ಅನ್ನುತ್ತದೆ. ಅಂಗಳ ಬೋಳಾಯಿತಲ್ಲ ಅಂತ ಬೇಜಾರು ಮಾಡಿಕೊಳ್ಳುವ ಹೊತ್ತಿಗೇ ಬೇಲಿಯಾಚೆ ಮರಗಳು ಹೂವಿಗೆ ನಿಲ್ಲುತ್ತವೆ. ಹಾಗಾಗಿ ಶಿವರಾತ್ರಿ ಹತ್ತಿರ ಬಂದರೆ ನನಗೆ ಎರಡು ಕೆಲಸ. ಒಂದು, ಅಂಗಳದ ಗಿಡಗಳನ್ನು ಮಲಗಿಸುವುದು. ಇನ್ನೊಂದು, ತಲೆ ಎತ್ತಿ ಮರ ನೋಡುವುದು.

ಮೊದಲು ಡೇರೆ. ಇದು ಮೂಲದಲ್ಲಿ ಮೆಕ್ಸಿಕೋ ಕಡೆಯ ಗಿಡ. ಆದರೆ ನಮ್ಮ ಕಡೆ ಹೆಂಗಸರು ಒಬ್ಬರಿಂದೊಬ್ಬರು ಗೆಡ್ಡೆ ಬೇಡಿ, ಕೆಲವೊಮ್ಮೆ ಹೇಳದೇ ಕಿತ್ತು, ಇದನ್ನು ಮನೆಮಗಳೇ ಮಾಡಿಕೊಂಡಿದ್ದಾರೆ. ಎಲೆ ಹಳದಿಯಾಗಿ ಕಡ್ಡಿ ಒಣಗಲು ಶುರುವಾದರೆ ನೀರು ನಿಲ್ಲಿಸಿ. ಹದಿನೈದು ದಿನ ಬಿಟ್ಟು, ನೆಲದಿಂದ ನಾಲ್ಕು ಬೆರಳು ಮೇಲೆ ಕಡ್ಡಿ ಕತ್ತರಿಸಿ. ಅಗೆಯುವಾಗ ಬುಡಕ್ಕೇ ಗುದ್ದಲಿ ಹಾಕಬೇಡಿ. ಸುತ್ತ ಅರ್ಧ ಅಡಿ ದೂರದಿಂದ ಮಣ್ಣು ಸಡಿಲಿಸಿ, ಬುಟ್ಟಿ ಎತ್ತುವ ಹಾಗೆ ಮೆಲ್ಲಗೆ ಎತ್ತಿ. ಡೇರೆಯ ಕಣ್ಣು ಇರುವುದು ಗೆಡ್ಡೆಯ ಮೈಮೇಲಲ್ಲ, ಕಡ್ಡಿಗೆ ಸೇರುವ ಕುತ್ತಿಗೆಯಲ್ಲಿ. ಕುತ್ತಿಗೆ ಮುರಿದರೆ ಗೆಡ್ಡೆ ಎಷ್ಟೇ ದಪ್ಪ ಇರಲಿ, ಚಿಗುರುವುದಿಲ್ಲ. ಆಲೂಗಡ್ಡೆಯ ಹಾಗಲ್ಲ ಇದು.

ಗೆಡ್ಡೆಯನ್ನು ತೊಳೆಯಬೇಡಿ. ಇದನ್ನು ನಾನು ಕೆಟ್ಟು ಕಲಿತೆ. ಒಂದು ವರ್ಷ ಎಲ್ಲವನ್ನೂ ಚೊಕ್ಕ ತೊಳೆದು, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದೆ. ಮೇ ತಿಂಗಳಲ್ಲಿ ಬಿಚ್ಚಿದರೆ ಕೊಳೆತ ಗೆಣಸಿನ ವಾಸನೆ. ಹದಿನಾರು ಬಣ್ಣದಲ್ಲಿ ಉಳಿದದ್ದು ಎರಡು. ಅವತ್ತಿನಿಂದ ಮಣ್ಣು ಕೊಡವಿ, ಎರಡು ದಿನ ನೆರಳಲ್ಲಿ ಆರಿಸಿ, ಬಚ್ಚಲೊಲೆಯ ಬೂದಿ ಸವರಿ, ಬುಟ್ಟಿಯಲ್ಲಿ ಒಣ ಮರಳಿನ ನಡುವೆ ಇಡುತ್ತೇನೆ. ಗಾಳಿ ಆಡಬೇಕು, ಬಿಸಿಲು ತಾಗಬಾರದು. ಪ್ರತಿ ಗೆಡ್ಡೆಗೂ ಅದರ ಹೂವಿನ ಬಣ್ಣದ್ದೇ ಒಂದು ಬಟ್ಟೆ ಚೂರು ಕಟ್ಟುತ್ತೇನೆ. ಹಳೇ ರವಿಕೆಗಳಿಗೆ ಇದಕ್ಕಿಂತ ಒಳ್ಳೇ ಉಪಯೋಗ ನನಗೆ ಗೊತ್ತಿಲ್ಲ. ಮೇ ಕೊನೆಗೆ, ರೋಹಿಣಿ ಮಳೆ ಹೊತ್ತಿಗೆ ಕಣ್ಣು ಬಿಟ್ಟಿರುತ್ತವೆ. ಆಗ ನೆಟ್ಟರಾಯಿತು.

ಪೇಟೆಯಲ್ಲಿ ಕುಂಡದಲ್ಲಿ ಬೆಳೆಸಿದವರಿಗೆ ಅಗೆಯುವ ರಗಳೆಯೂ ಬೇಡ. ಕಡ್ಡಿ ಕತ್ತರಿಸಿ, ಕುಂಡವನ್ನು ನೆರಳಲ್ಲಿ ಅಡ್ಡ ಮಲಗಿಸಿ. ನಡುವೆ ಒಂದು ಮಳೆ ಬಂದರೂ ನೀರು ಒಳಗೆ ನಿಲ್ಲುವುದಿಲ್ಲ.

ಸೇವಂತಿಗೆಯನ್ನು ಹೂ ಮುಗಿದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸಿ. ಬುಡದ ಮರಿಗಳೇ ಮುಂದಿನ ವರ್ಷದ ಗಿಡ, ಅವಕ್ಕೆ ಸ್ವಲ್ಪ ನೀರು ಸಾಕು. ದಾಸವಾಳಕ್ಕೆ ಈ ಒಣ ಹವೆಯಲ್ಲಿ ಬಿಳಿ ಹಿಟ್ಟಿನ ಹಾಗೆ ಹುಳ ಕೂರುತ್ತದೆ. ಹೆಚ್ಚಾಗಿದ್ದರೆ ಆ ಕುಡಿ ಕತ್ತರಿಸಿ ಸುಟ್ಟುಬಿಡಿ. ಕಡಿಮೆ ಇದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಚೂರು ಸೋಪಿನ ನೀರು ಕಲಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ.

ಮಲ್ಲಿಗೆಯದ್ದು ಮಾತ್ರ ಉಲ್ಟಾ. ಉಳಿದವು ಮಲಗುವಾಗ ಇದನ್ನು ಎಬ್ಬಿಸಬೇಕು. ಎಬ್ಬಿಸುವ ಮೊದಲು ಸ್ವಲ್ಪ ಉಪವಾಸ ಕೆಡವಬೇಕು. ಚಳಿಯಲ್ಲಿ ನೀರು ಕಡಿಮೆ ಮಾಡಿ, ಎಲೆ ಉದುರಲು ಬಿಟ್ಟು, ಗಿಡವನ್ನು ಒಂದೂವರೆ ಅಡಿಗೆ ಕತ್ತರಿಸಿ. ಆಮೇಲೆ ಬುಡ ಬಿಡಿಸಿ, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಹಾಕಿ ನೀರು ಕೊಡಿ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದು. ಕತ್ತರಿಸಲು ಮನಸ್ಸು ಬರದೇ ಬಿಟ್ಟರೆ ಬಳ್ಳಿ ಉದ್ದ ಆಗುತ್ತದೆ, ಹೂ ಆಗುವುದಿಲ್ಲ. ಅಕ್ಕಿ ತೊಳೆದ ನೀರು ಹಾಕಬಹುದು, ಆದರೆ ದಿನಾ ಬೇಡ, ಇರುವೆ ಬರುತ್ತದೆ.

ಇನ್ನು ಮರಗಳು. ಬೇಲಿಯ ಹಾಲುವಾಣ ಎಲೆ ಕಳೆದುಕೊಂಡು ಕೆಂಪಗೆ ನಿಂತಿರುತ್ತದೆ. ಗೊರವಂಕಗಳ ಗಲಾಟೆ ಬೆಳಗ್ಗೆ ಕಾಫಿ ಕುಡಿಯಲು ಬಿಡುವುದಿಲ್ಲ. ಬೂರುಗವೂ ಹಾಗೇ, ಹೂವು ನೆಲಕ್ಕೆ ಬಿದ್ದರೆ ಧಪ್ ಅಂತ ಸದ್ದು. ಘಟ್ಟ ಬಿಟ್ಟು ಬಯಲಿನ ಅಂಚಿಗೆ ಹೋದಷ್ಟೂ ಮುತ್ತುಗ ಜಾಸ್ತಿ. ದೂರದಿಂದ ಬೆಂಕಿ ಬಿದ್ದ ಹಾಗೆ ಕಾಣುತ್ತದೆ. ಮನೆ ಹಿಂದಿನ ಮಾವು ಹೂ ಬಿಟ್ಟಿದ್ದರೆ ಒಂದು ಮಾತು: ಹೂ ಅರಳಿರುವಾಗ ಔಷಧಿ ಹೊಡೆಯಬೇಡಿ. ತುಡುವೆ ಜೇನು ಸಾಯುತ್ತದೆ. ಜೇನು, ನೊಣಗಳು ಬಂದು ಹೋಗದಿದ್ದರೆ ಉಪ್ಪಿನಕಾಯಿಗೆ ಮಿಡಿ ಎಲ್ಲಿಂದ ಬರಬೇಕು?

ನನಗೆ ಇವೆಲ್ಲಕ್ಕಿಂತ ದೊಡ್ಡದು ಸುರಗಿ. ಇದರ ಹೂವು ಕುಡಿಯಲ್ಲಿ ಬಿಡುವುದಿಲ್ಲ. ಎಲೆಯಿಲ್ಲದ ಹಳೇ ಕೊಂಬೆಗೆ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತದೆ. ದುಂಡು ಮೊಗ್ಗು ಬೆಳಕು ಹರಿಯುವಾಗ ಒಡೆಯುತ್ತದೆ. ಅದಕ್ಕೇ ಕೊಯ್ಯುವವರು ನಸುಕಿನಲ್ಲೇ ಮರ ಹತ್ತುತ್ತಿದ್ದರು. ನನ್ನಂಥವರಿಗೆ ಹತ್ತುವುದು ಆಗದ ಮಾತು. ಸಂಜೆಯೇ ಮರದಡಿ ಗುಡಿಸಿ ಹಳೇ ಸೀರೆ ಹಾಸಿಟ್ಟರೆ, ಬೆಳಗ್ಗೆ ಉದುರಿದ್ದನ್ನು ಚೊಕ್ಕವಾಗಿ ಬಾಚಿಕೊಳ್ಳಬಹುದು. ಕೊಂಬೆ ಮಾತ್ರ ಮುರಿಯಬೇಡಿ, ಮುಂದಿನ ವರ್ಷದ ಹೂವೂ ಅದರ ಮೇಲೇ ಬರಬೇಕು. ಬಾಳೆನಾರಿನಲ್ಲಿ ದಂಡೆ ಕಟ್ಟಿ, ನೆರಳಲ್ಲಿ ತೂಗುಹಾಕಿ ಗರಿಗರಿಯಾಗಿ ಒಣಗಿಸಿ. ಸ್ವಲ್ಪ ಹಸಿ ಇದ್ದರೂ ಬೂಷ್ಟು ಹಿಡಿಯುತ್ತದೆ. ಒಣಗಿದ ದಂಡೆಯನ್ನು ಸೀರೆಗಳ ನಡುವೆ ಇಟ್ಟರೆ ಪರಿಮಳ ತಿಂಗಳುಗಟ್ಟಲೆ ಇರುತ್ತದೆ. ರೇಷ್ಮೆ ಸೀರೆಗೆ ನೇರ ತಾಗಿಸಬೇಡಿ, ತೆಳು ಬಟ್ಟೆಯಲ್ಲಿ ಸುತ್ತಿಡಿ. ಇದರ ಮುಂದೆ ನ್ಯಾಫ್ತಲಿನ್ ಗುಳಿಗೆಯ ವಾಸನೆ ಏನು ವಾಸನೆ!

ಹೂವು ನೋಡಲು ಕಾಡಿಗೆ ನುಗ್ಗುವ ಮಕ್ಕಳಿಗೆ ಒಂದು ಎಚ್ಚರಿಕೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ, 1957ರಲ್ಲಿ. ಅದು ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ಕಚ್ಚಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಟ ಜಾಸ್ತಿ, ಅಂದರೆ ಸರಿಯಾಗಿ ಹೂವಿನ ಹೊತ್ತಿಗೇ. ತುಂಬುತೋಳಿನ ಅಂಗಿ ಹಾಕಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಮೈಗೆ ಹಚ್ಚಿ. ದರಗಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ, ತಲೆನೋವು ಬಂದರೆ ಕಷಾಯ ಕುಡಿದು ಕೂರಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಹೇಳಿ. ಗಿಡದ ಬುಡಕ್ಕೆ ಹೊದಿಸುವ ದರಗನ್ನೂ ಈಗ ಕಾಡಿಂದ ತರಬೇಡಿ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ ಮನೆಯಲ್ಲೇ ಬೇಕಾದಷ್ಟು ಬಿದ್ದಿರುತ್ತದೆ ಅಲ್ವಾ?

ನಾನು ಕಾಡಿನವರೆಗೂ ಹೋಗುವುದಿಲ್ಲ. ಜಗುಲಿಯಲ್ಲಿ ಕೂತರೆ ಸುರಗಿಯ ಗಾಳಿ ಬರುತ್ತದೆ, ಅಷ್ಟು ಸಾಕು. ಸೊಸೆಗೆ ನಿನ್ನೆ ಬಸ್ಸಿನಲ್ಲಿ ಒಂದು ದಂಡೆ ಕಳಿಸಿದ್ದೇನೆ. ಕುಂಡಕ್ಕೆ ನೀರು ನಿಲ್ಲಿಸಿದ್ದಾಳೋ ಇಲ್ಲವೋ, ಸಂಜೆ ಫೋನ್ ಮಾಡಿ ಕೇಳಬೇಕು.