ಬ್ಯಾಟರಿ ಇಲ್ಲದ ಎಲೆಕ್ಟ್ರಿಕ್ ಸೈಕಲ್: ತೊರವಿ ರಸ್ತೆಯಲ್ಲಿ 23 ದಿನ ತುಳಿದು ಕಲಿತದ್ದು

ಕಾರಹುಣ್ಣಿಮೆಯ ಮರುದಿನ ನನ್ನ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ ಚಾರ್ಜ್ ಹಿಡಿಯುವುದನ್ನು ನಿಲ್ಲಿಸಿತು. ಕೊಂಡ ಅಂಗಡಿಯವರು ಅದನ್ನು ಕಳಚಿಕೊಂಡು, ಕಂಪನಿಗೆ ಕಳಿಸಬೇಕು, ಎಂಟು ದಿನ ಹಿಡಿಯುತ್ತದೆ ಅಂದರು. ಹಿಡಿದದ್ದು 23 ದಿನ. ನಾನು ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯವಳು, ತೊರವಿ ಕಡೆಯ ಸರಕಾರಿ ಸಾಲಿಯಲ್ಲಿ ಕಲಿಸುತ್ತೇನೆ. ಒಂದು ಕಡೆಗೆ ಹತ್ತಿರಹತ್ತಿರ 7 ಕಿಲೋಮೀಟರ್. ಸಾಲಿ ಆಗಷ್ಟೇ ಸುರುವಾಗಿತ್ತು, ರಜೆ ಹಾಕುವ ಹಾಗಿರಲಿಲ್ಲ. ಟಂಟಂ (ಶೇರ್ ಆಟೊ) ತುಂಬುವವರೆಗೆ ಕಾದು ಕೂತರೆ ಪ್ರಾರ್ಥನೆ ತಪ್ಪುತ್ತದೆ. ಹಾಗಾಗಿ ಬ್ಯಾಟರಿ ಇಲ್ಲದೆಯೇ ತುಳಿದೆ, 23 ದಿನವೂ.

ಆಗ ಓಣಿಯವರು, ಸಾಲಿಯವರು ಎಲ್ಲರೂ ಒಂದೇ ಮಾತು ಕೇಳಿದರು: "ಹಂಗ ತುಳಿದ್ರ ಮೋಟರ್ ಸುಡೂದಿಲ್ಲೇನ್ರಿ?" ಸುಡುವುದಿಲ್ಲ. ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲ್ಲನ್ನು ಬ್ಯಾಟರಿ ಇಲ್ಲದೆ ತುಳಿಯಬಹುದು. ಮೋಟರ್ 250 ವ್ಯಾಟ್ ಒಳಗಿದ್ದು, 25 ಕಿಲೋಮೀಟರ್ ವೇಗಕ್ಕೆ ಅದು ಕೈಬಿಡುವಂತಿದ್ದರೆ ನಮ್ಮಲ್ಲಿ ಅದಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಬ್ಯಾಟರಿ ತೆಗೆದ ಮೇಲಂತೂ ಅದು ಬರೇ ಸೈಕಲ್. ಆದರೆ ಎಷ್ಟು ದೂರ ತುಳಿದೀರಿ ಎಂಬುದು ಗಾಲಿಯ ನಡುವೆ ಎಂಥ ಮೋಟರ್ ಕೂತಿದೆ ಎಂಬುದರ ಮೇಲಿದೆ. ಮೊದಲು ಅದನ್ನು ತಿಳಿದುಕೊಳ್ಳಿ.

ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿಯಲು ಯಾರಿಗಾದರೂ ಹೇಳಿ. ಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿ, ಆಮೇಲೆ ಹಿಂದಕ್ಕೆ ತಿರುಗಿಸಿ. ಹಿಂದಕ್ಕೆ ತಿರುಗಿಸುವಾಗ ಪೆಡಲ್ ಕೂಡ ತಿರುಗುತ್ತದೆ, ಮೊಣಕಾಲು ದೂರ ಇರಲಿ. ಮುಂದಕ್ಕೆ ಹಗುರವಾಗಿ ಹೋಗಿ, ಹಿಂದಕ್ಕೆ ಮಾತ್ರ ಏನೋ ಹಿಡಿದು ಜಗ್ಗಿದಂತಾದರೆ ಅದು ಒಳಗೆ ಹಲ್ಲಿನ ಚಕ್ರಗಳಿರುವ ಗಿಯರ್ ಮೋಟರ್. ಮುಂದೆ ಹೋಗುವಾಗ ಗಾಲಿಯಿಂದ ಮೋಟರನ್ನು ಬಿಡಿಸುವ ಕ್ಲಚ್ ಅದರೊಳಗಿದೆ. ನೀವು ತುಳಿಯುತ್ತೀರಿ, ಮೋಟರ್ ಸುಮ್ಮನೆ ನಿಂತಿರುತ್ತದೆ. ಇದು ಗಾತ್ರದಲ್ಲೂ ಸಣ್ಣದು, ಗಾಲಿಯ ನಡುವೆ ತೆಂಗಿನಕಾಯಿ ಸಿಕ್ಕಿಸಿದಂತೆ ಕಾಣುತ್ತದೆ. ನನ್ನದು ಇದೇ.

ಗಾಲಿಯ ನಡುವೆ ಊಟದ ತಾಟಿನಷ್ಟು ಅಗಲದ ಚಪ್ಪಟೆ ಡಬ್ಬಿ ಇದ್ದು, ಮುಂದಕ್ಕೂ ಹಿಂದಕ್ಕೂ ಸಣ್ಣಗೆ ಕಟಕಟ ತಡೆದರೆ ಅದು ನೇರ ಮೋಟರ್. ಅದರಲ್ಲಿ ಕ್ಲಚ್ ಇಲ್ಲ. ಗಾಲಿ ತಿರುಗಿದಾಗಲೆಲ್ಲ ಆಯಸ್ಕಾಂತಗಳೂ ತಿರುಗುತ್ತವೆ, ಅದರ ತಡೆ ಪೂರ್ತಿ ನಿಮ್ಮ ಕಾಲಿಗೆ ಬರುತ್ತದೆ. ಜೋರಾಗಿ ತುಳಿದರೆ ಅದೇ ಮೋಟರ್ ಡೈನಮೋ ಆಗಿ ಕರೆಂಟ್ ಹುಟ್ಟಿಸುವುದರಿಂದ ಡಿಸ್‌ಪ್ಲೇ ತಾನಾಗಿಯೇ ಮಿಣಕ್ ಅಂದೀತು, ಹೆದರಬೇಡಿ. ಇಂಥದ್ದಿದ್ದವರು ಪೇಟೆಯವರೆಗೆ, ಎರಡು ಮೂರು ಕಿಲೋಮೀಟರ್ ತುಳಿಯಿರಿ. ದಿನಾ 14 ಕಿಲೋಮೀಟರಿಗೆ ನಾನು ಹೂಂ ಅನ್ನಲಾರೆ. ಸಣ್ಣ ತಡೆಯಲ್ಲ, ಗಾಲಿ ಅಂಟು ಹಚ್ಚಿದಂತೆ ಗಟ್ಟಿಯಾಗಿದ್ದರೆ ಬೇರೆ ತೊಂದರೆ ಇದೆ. ಹಳದಿ, ಹಸಿರು, ನೀಲಿ ಬಣ್ಣದ ಮೂರು ದಪ್ಪ ವೈರ್‌ಗಳು ಎಲ್ಲೋ ಒಂದಕ್ಕೊಂದು ತಾಗಿರಬಹುದು, ಇಲ್ಲವೇ ಕಂಟ್ರೋಲರ್, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಅಳೆದು ಕೊಡುವ ಡಬ್ಬಿ, ಅದರೊಳಗೆ ಶಾರ್ಟ್ ಆಗಿರಬಹುದು. ಗಾಲಿಯ ಹತ್ತಿರವೇ ಇರುವ ಮೋಟರ್ ವೈರಿನ ಜೋಡಣೆ ಬಿಡಿಸಿ ಮತ್ತೆ ತಿರುಗಿಸಿ. ಈಗ ಸಡಿಲಾದರೆ ದೋಷ ಕಂಟ್ರೋಲರ್ ಕಡೆ, ಮೋಟರಿನಲ್ಲಿ ಅಲ್ಲ. ಪೆಡಲ್ ಕೂರುವ ಜಾಗದಲ್ಲೇ ಮೋಟರ್ ಇರುವ ದುಬಾರಿ ಸೈಕಲ್‌ಗಳಲ್ಲಿ ಈಗಿನವು ಬಹುತೇಕ ತಾವೇ ಬಿಡಿಸಿಕೊಳ್ಳುತ್ತವೆ.

ಮೊದಲ ದಿನ ನಾನು ಇದಾವುದನ್ನೂ ನೋಡದೆ ಹೊರಟೆ. ಕೋಟೆಗೋಡೆ ದಾಟಿ ಅಥಣಿ ರಸ್ತೆಗೆ ಬರುವಷ್ಟರಲ್ಲಿ ತೊಡೆ ಉರಿಯತೊಡಗಿತು, ಮೂರು ಸಲ ಇಳಿದು ನಿಂತೆ. ಮೋಟರಿನ ಭಾರವೇ ಹೀಗೆ ಎಳೆಯುತ್ತಿದೆ ಎಂದುಕೊಂಡೆ. ಸಂಜೆ ನಮ್ಮ ಓಣಿಯ ಸೈಕಲ್ ಅಂಗಡಿಯ ಕಾಕಾನ ಮುಂದೆ ಒಯ್ದು ನಿಲ್ಲಿಸಿದೆ. ಅವರು ಗಾಲಿ ಎತ್ತಿ ಒಮ್ಮೆ ತಿರುಗಿಸಿದರು, ಮೂರೇ ಸುತ್ತಿಗೆ ನಿಂತಿತು. ಕಿವಿಗೊಟ್ಟು ಕೇಳಿ ಅಂದರು: "ಅಕ್ಕಾರ, ಇದು ಮೋಟರಿನ ಭಾರ ಅಲ್ಲರಿ. ಬ್ರೇಕ್ ತಿಕ್ಕಾಕತ್ತೈತಿ. ಮೋಟರ್ ಇತ್ತು, ನಿಮಗ ಗೊತ್ತಾಗಿಲ್ಲ."

ಆ ಮಾತಿನಲ್ಲೇ ಎಲ್ಲ ಇದೆ. ಮೋಟರ್ ಜೊತೆಗಿರುವಾಗ ಸೈಕಲ್ಲಿನ ಒಂದೊಂದು ಕೊರತೆಯನ್ನೂ ಅದು ತಾನೇ ತುಂಬಿಕೊಡುತ್ತಿರುತ್ತದೆ. ಅದರ ಬೆಲೆಯನ್ನು ಬ್ಯಾಟರಿ ತೆರುತ್ತದೆ. ಬ್ಯಾಟರಿ ಹೋದ ದಿನ ಆ ಕೊರತೆಗಳೆಲ್ಲ ಒಟ್ಟಿಗೆ ಕಾಲಿಗೆ ಬರುತ್ತವೆ. ನನ್ನ ಸೈಕಲ್ ಬ್ಯಾಟರಿ ಬಿಟ್ಟು 22 ಕಿಲೋ, ನಾನು 62 ಕಿಲೋ. ಗಾಲಿಯ ಮೋಟರಿನದು ಸೈಕಲ್ಲಿನ ಭಾರದಲ್ಲಿ ಎರಡೂವರೆ, ಮೂರು ಕಿಲೋ. ಸಪಾಟು ರಸ್ತೆಯಲ್ಲಿ ಅಷ್ಟು ಭಾರ ಕಾಲಿಗೆ ಗೊತ್ತೇ ಆಗುವುದಿಲ್ಲ.

ಡಿಸ್ಕ್ ಬ್ರೇಕ್ ತಿಕ್ಕುವುದನ್ನು ಮನೆಯಲ್ಲೇ ಸರಿಮಾಡಬಹುದು. ಡಿಸ್ಕ್ ಹಿಡಿಯುವ ಭಾಗವನ್ನು ಫ್ರೇಮಿಗೆ ಕೂಡಿಸಿದ ಎರಡು ಬೋಲ್ಟ್‌ಗಳನ್ನು 5 ನಂಬರ್ ಅಲೆನ್ ಕೀಯಿಂದ (ಆರು ಮೂಲೆಯ ಬಾಗಿದ ಕಡ್ಡಿ) ಸ್ವಲ್ಪವೇ ಸಡಿಲಿಸಿ. ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಹಿಡಿದಾಗಲೇ ಎರಡೂ ಬೋಲ್ಟ್ ಬಿಗಿಯಿರಿ, ಆಮೇಲೆ ಕೈ ಬಿಡಿ. ಡಿಸ್ಕ್ ನಡುವಿಗೆ ಬಂದಿರುತ್ತದೆ. ಡಿಸ್ಕಿಗೆ ಎಣ್ಣೆ ತಾಗಿಸಬೇಡಿ, ಬೆರಳನ್ನೂ ಹಚ್ಚಬೇಡಿ. ನನ್ನ ಗಾಲಿ ಇದಾದ ಮೇಲೆ 15 ಸುತ್ತು ಸರಾಗ ತಿರುಗಿತು.

ಗಾಳಿ. ಟೈರಿನ ಬದಿಯಲ್ಲಿ ಎಷ್ಟಿರಬೇಕೆಂದು ಉಬ್ಬಕ್ಷರದಲ್ಲಿ ಬರೆದಿರುತ್ತದೆ, ನನ್ನದರಲ್ಲಿ 40 ರಿಂದ 65 ಪಿಎಸ್‌ಐ. ಅಳೆದಾಗ 25 ಇತ್ತು. ಈಗ ಹಿಂದೆ 55, ಮುಂದೆ 50 ಇಡುತ್ತೇನೆ. ಹೆಬ್ಬೆರಳಿನಿಂದ ಒತ್ತಿ ನೋಡಿ ಸಾಕು ಅನ್ನಬೇಡಿ, ಮೀಟರ್ ಇರುವ ಪಂಪ್ ಬೇಕು. ಎಂಟು ದಿನಕ್ಕೊಮ್ಮೆ ನೋಡಿದರೆ ನಡೆಯುತ್ತದೆ.

ಸೀಟಿನ ಎತ್ತರ ಎಲ್ಲಕ್ಕಿಂತ ದೊಡ್ಡ ಮಾತು, ನಮ್ಮ ಹೆಣ್ಣುಮಕ್ಕಳು ಇದನ್ನು ಓದಲೇಬೇಕು. ಕೂತಲ್ಲೇ ಎರಡೂ ಕಾಲು ನೆಲಕ್ಕೆ ಊರುವಂತೆ ಸೀಟು ತಗ್ಗಿಸಿಕೊಂಡಿರುತ್ತೇವೆ, ಧೈರ್ಯಕ್ಕೆ. ಮೋಟರ್ ಇದ್ದಾಗ ಅದು ನಡೆದುಹೋಗುತ್ತದೆ. ತುಳಿಯುವಾಗ ಹಾಗಿದ್ದರೆ ಮೊಣಕಾಲು ಎದೆಯವರೆಗೆ ಮಡಚಿ, ನಾಲ್ಕು ದಿನಕ್ಕೆ ನೋವು ಹಿಡಿಯುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ಒಯ್ಯಿರಿ. ಆಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮೊಣಕಾಲು ತುಸುವೇ ಬಾಗಿ ಇರುತ್ತದೆ, ಅದೇ ಸರಿ. ನನಗೆ ನಾಲ್ಕು ಬೆರಳು ಏರಿಸಬೇಕಾಯಿತು. ಸೀಟಿನ ಕೊಳವೆಯ ಮೇಲೆ ಕೊರೆದ ಗುರುತು ಹೊರಗೆ ಕಾಣುವಷ್ಟು ಮಾತ್ರ ಏರಿಸಬೇಡಿ. ನಿಲ್ಲುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿಯುವುದು ಎರಡು ದಿನದಲ್ಲಿ ರೂಢಿಯಾಗುತ್ತದೆ.

ನನ್ನದು ಗಿಯರ್ ಮೋಟರ್ ಆದರೂ, ತುಳಿಯುವಾಗ ಬದಲಿಸುವ ಗಿಯರ್ ನನ್ನ ಸೈಕಲ್ಲಿಗೆ ಇಲ್ಲ. ಚೈನ್ ಕೂರುವ ಚಕ್ರಕ್ಕೆ ಮುಂದೆ 44 ಹಲ್ಲು, ಹಿಂದೆ 18. 26 ಇಂಚಿನ ಗಾಲಿಗೆ ಪೆಡಲ್ ಒಂದು ಸುತ್ತು ಹೋದರೆ ಸೈಕಲ್ 5 ಮೀಟರ್ ಮುಂದೆ ಹೋಗಬೇಕು. ಮೋಟರ್ ಜೊತೆಗಿದ್ದಾಗ ಇದು ಚೆಂದ, ಬರೇ ಕಾಲಿಗೆ ಬಲು ಭಾರ. ಕಾಕಾ ಹಿಂದಿನ ಫ್ರೀವ್ಹೀಲ್ ತೆಗೆದು 22 ಹಲ್ಲಿನದು ಹಾಕಿ, ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಿದರು. ಈಗ ಒಂದು ಸುತ್ತಿಗೆ 4 ಮೀಟರಿಗೆ ತುಸು ಹೆಚ್ಚು. ವೇಗ ಕಡಿಮೆಯಾಯಿತು, ಆದರೆ ಏರಿನಲ್ಲಿ ಇಳಿದು ತಳ್ಳುವುದು ನಿಂತಿತು. ದಿನಾ ತುಳಿಯಬೇಕಾದವರು ಈ ಒಂದು ಕೆಲಸಕ್ಕೆ ದುಡ್ಡು ಖರ್ಚು ಮಾಡಿ. ಗಿಯರ್ ಇದ್ದವರಿಗೆ ಇದು ಬೇಡ, ಹಿಂದಿನ ದೊಡ್ಡ ಚಕ್ರಕ್ಕೆ ಚೈನ್ ಹಾಕಿದರೆ ಆಯಿತು.

ಇನ್ನು ರಸ್ತೆ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದ ವಿಜಯಪುರಕ್ಕೆ ನೆಲದೊಳಗಿನ ಸುರಂಗ ಕಾಲುವೆಯಲ್ಲಿ ನೀರು ತಂದಿದ್ದರು. ಸಾಲಿಯಲ್ಲಿ ಮಕ್ಕಳಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ನೀರು ತಾನಾಗಿ ಊರಿಗೆ ಇಳಿದು ಬಂತು ಎಂದರೆ ತೊರವಿ ಊರಿಗಿಂತ ಎತ್ತರದಲ್ಲಿದೆ ಎಂದರ್ಥ. ಕಣ್ಣಿಗೆ ಸಪಾಟಾಗಿ ಕಾಣುವ ಆ ರಸ್ತೆ ಮುಂಜಾನೆ ನನಗೆ ಏರು ಎಂಬುದು ಬ್ಯಾಟರಿ ಹೋದ ಮೇಲೆ ಕಾಲಿಗೆ ತಿಳಿಯಿತು. ಅದರ ಮೇಲೆ ಆಷಾಢದ ಗಾಳಿ, ಪಡುವಣದಿಂದ ಎದೆಗೇ ಬಡಿಯುತ್ತದೆ. 15 ಕಿಲೋಮೀಟರ್ ವೇಗದಲ್ಲಿ ನೀವು ಹೋಗುವಾಗ ಎದುರಿನಿಂದ 15 ಕಿಲೋಮೀಟರ್ ವೇಗದ ಗಾಳಿ ಬಂದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಇದರ ಜೊತೆ ಜಿದ್ದಿಗೆ ಬೀಳಬೇಡಿ. ವೇಗವನ್ನು 10ಕ್ಕೆ ಇಳಿಸಿ, ಮೊಣಕೈ ಬಾಗಿಸಿ ಮೈ ತಗ್ಗಿಸಿ, ಸೆರಗು ಓಢಣಿ ಹಾರಾಡದಂತೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಹೊತ್ತನ್ನೂ ಬದಲಿಸಿ. ನಾನು ಮನೆ ಬಿಡುವುದನ್ನು 25 ನಿಮಿಷ ಮುಂಚೆ ಮಾಡಿಕೊಂಡೆ, ಬೆಳಗಿನ ಹೊತ್ತು ಗಾಳಿ ಅಷ್ಟು ಜೋರಿರುವುದಿಲ್ಲ.

ತುಳಿಯುವ ರೀತಿಯನ್ನು ಕಲಿಸಿದವನು ಒಬ್ಬ ಹುಡುಗ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲ, ಮುಂಜಾನೆ ರಸ್ತೆಗಳಲ್ಲಿ ಅವರು ಸಾಲಾಗಿ ಹೋಗುವುದನ್ನು ನೋಡುತ್ತೇವೆ. ಐದನೆಯದೋ ಆರನೆಯದೋ ದಿನ, ಹಾಗೆ ಹೋಗುತ್ತಿದ್ದವನೊಬ್ಬ ನನ್ನ ಪಕ್ಕಕ್ಕೆ ನಿಧಾನ ಮಾಡಿ, "ಅಕ್ಕಾರ, ಕಾಲಿಲೆ ಒತ್ತಬ್ಯಾಡ್ರಿ, ತಿರುಗಸ್ರಿ" ಅಂದು ಮುಂದೆ ಹೋದ. ಭಾರವಾಗಿ ಒಂದೊಂದೇ ಪೆಡಲ್ ಒತ್ತುವುದಕ್ಕಿಂತ ಹಗುರವಾಗಿ ಬೇಗಬೇಗ ತಿರುಗಿಸಬೇಕು ಎಂದು ಅವನ ಮಾತು. ಎಣಿಸಿ ನೋಡಿ: 15 ಸೆಕೆಂಡಿನಲ್ಲಿ ಬಲಗಾಲು 16, 17 ಸಲ ಕೆಳಗೆ ಬಂದರೆ ಸರಿ. ಏರು, ಎದುರುಗಾಳಿ ಇಲ್ಲದ ಕಡೆಯೂ ಅದಕ್ಕಿಂತ ಬಹಳ ಕಡಿಮೆಯಾದರೆ ಮೊಣಕಾಲಿಗೆ ಭಾರ ಬೀಳುತ್ತದೆ. ಮೊದಲ ವಾರ ನಡುವೆ ಒಂದು ದಿನ ಬಿಟ್ಟು ತುಳಿಯಲು ಆಗುವವರು ಹಾಗೇ ಮಾಡಿ.

ಬ್ಯಾಟರಿ ತೆಗೆದ ಜಾಗವನ್ನು ಮರೆಯಬೇಡಿ. ತೆಗೆಯುವ ಮುಂಚೆ ಸ್ವಿಚ್ ಆರಿಸಿ, ಕೀಲಿ ತಿರುಗಿಸಿ ಎತ್ತಿಕೊಳ್ಳಿ. ಫ್ರೇಮಿನ ಮೇಲೆ ಉಳಿಯುವ ತಾಮ್ರದ ಮುಳ್ಳುಗಳಿಗೆ ನಮ್ಮ ಎರೆಮಣ್ಣಿನ ಧೂಳು, ಮಳೆನೀರು ಕೂತರೆ ಹಸಿರು ಕಿಲುಬು ಹಿಡಿಯುತ್ತದೆ. ನಾನು ಹಳೆಯ ಸೈಕಲ್ ಟ್ಯೂಬಿನ ಗೇಣುದ್ದದ ತುಂಡನ್ನು ಸುತ್ತಿ ದಾರದಿಂದ ಕಟ್ಟಿದ್ದೆ. ಚಾರ್ಜ್ ಮುಗಿದು ನಡುದಾರಿಯಲ್ಲಿ ನಿಂತವರು ಬ್ಯಾಟರಿ ತೆಗೆಯುವ ಗೋಜಿಗೆ ಹೋಗಬೇಡಿ, ಆರಿಸಿ ತುಳಿಯಿರಿ, ಮನೆಗೆ ಹೋದ ಕೂಡಲೇ ಚಾರ್ಜ್ ಹಾಕಿ.

ಹೆಡ್‌ಲೈಟ್, ಹಾರ್ನ್ ಎರಡೂ ಅದೇ ಬ್ಯಾಟರಿಯಿಂದ ನಡೆಯುತ್ತವೆ. ನನಗಿದು ತಿಳಿದದ್ದು ಮೋಡ ಕವಿದ ಒಂದು ಸಂಜೆ, ಹಿಂದೆ ಟ್ರ್ಯಾಕ್ಟರ್ ಬಂದಾಗ. ಮರುದಿನವೇ ಸೆಲ್ಲಿನ ಕೆಂಪು ದೀಪ ಹಿಂದೆ, ಬಿಳಿಯದು ಮುಂದೆ, ಜೊತೆಗೊಂದು ಟ್ರಿಣ್ ಟ್ರಿಣ್ ಗಂಟೆ ಹಾಕಿಸಿದೆ. ಬ್ರೇಕಿಗೆ ಬ್ಯಾಟರಿ ಬೇಕಿಲ್ಲ.

ಬೇರೆ ಬ್ಯಾಟರಿ ಕಟ್ಟಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. 12 ವೋಲ್ಟಿನ ಮೂರು ಬ್ಯಾಟರಿ ಜೋಡಿಸಿದರೆ 36 ಆಯಿತಲ್ಲ ಎಂದು ನನಗೂ ಹೇಳಿದರು. ಒಪ್ಪಬೇಡಿ. ಲಿಥಿಯಂ ಬ್ಯಾಟರಿಯೊಳಗೆ ಮಿತಿ ಮೀರಿದಾಗ ಕರೆಂಟ್ ಕಡಿಯುವ ರಕ್ಷಣೆಯ ಸರ್ಕ್ಯೂಟ್ ಇರುತ್ತದೆ. ಕ್ಯಾರಿಯರ್ ಮೇಲೆ ಹಗ್ಗದಿಂದ ಕಟ್ಟಿದ ಬಯಲು ವೈರಿಗೆ ಅದಿಲ್ಲ. ನಿಮ್ಮ ಚಾರ್ಜರನ್ನು ಅದಕ್ಕೆ ಹಾಕಿದರಂತೂ ಅಪಾಯ. ಉಬ್ಬಿದ ಅಥವಾ ಬಿದ್ದು ಜಜ್ಜಿದ ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಬೇಡಿ, ಚಾರ್ಜೂ ಹಾಕಬೇಡಿ. ಚಲೋ ಇರುವ ಬ್ಯಾಟರಿಯನ್ನೇ ತಿಂಗಳುಗಟ್ಟಲೆ ತೆಗೆದಿಡುವುದಾದರೆ ಅರ್ಧ ಚಾರ್ಜ್ ಇಟ್ಟು ತಂಪಾದ ಕೋಣೆಯಲ್ಲಿಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮಾಳಿಗೆಯ ಕೆಳಗೆ ಇಡುವುದು ಬೇಡ.

ಪಂಕ್ಚರ್ ಆದರೆ ಹಿಂದಿನ ಗಾಲಿ ಬಿಚ್ಚುವ ಮುಂಚೆ ಮೋಟರ್ ವೈರಿನ ಜೋಡಣೆ ಬಿಡಿಸಬೇಕೆಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ಮತ್ತೆ ಕೂಡಿಸುವಾಗ ಎರಡೂ ಬದಿಯ ಬಾಣದ ಗುರುತು ಎದುರುಬದುರಾಗಿರಲಿ. ನಟ್ಟಿಗೆ 18 ನಂಬರಿನ ಪಾನಾ ಬೇಕು, ನನ್ನ ಚೀಲದಲ್ಲಿ ಈಗ ಅದು ಬುತ್ತಿಯ ಪಕ್ಕದಲ್ಲೇ ಇರುತ್ತದೆ. ಇರುಸಿನ ಮೇಲಿನ, ಫ್ರೇಮಿಗೆ ಸಿಕ್ಕುವ ಕೊಂಡಿ ಇರುವ ವಾಶರನ್ನು ಮೊದಲಿದ್ದ ಹಾಗೆಯೇ ಮತ್ತೆ ಹಾಕಿಸಿ, ಬ್ಯಾಟರಿ ಬಂದ ದಿನ ಮೋಟರ್ ಇರುಸನ್ನೇ ತಿರುಗಿಸದಂತೆ ಹಿಡಿಯುವುದು ಅದೇ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಒಂದು ವಾರಕ್ಕೆ ಬ್ಯಾಟರಿ ಬಂತು. ಮುಳ್ಳುಗಳನ್ನು ಒಣಬಟ್ಟೆಯಿಂದ ಒರೆಸಿ, ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿ, ಪೂರ್ತಿ ಚಾರ್ಜ್ ಮಾಡಿ, ಗಾಲಿ ಎತ್ತಿ ಹಿಡಿದೇ ಮೊದಲು ಮೋಟರ್ ಓಡಿಸಿ ನೋಡಿದೆ. ಸೀಟು ತಗ್ಗಿಸಲಿಲ್ಲ, 22 ಹಲ್ಲಿನದನ್ನೂ ತೆಗೆಸಲಿಲ್ಲ. ಮುಂಜಾನೆ ಏರು ಮತ್ತು ಎದುರುಗಾಳಿಗೆ ಮೋಟರ್ ಹಾಕುತ್ತೇನೆ. ಸಂಜೆ ತೊರವಿಯಿಂದ ಹೊರಡುವಾಗ ಸ್ವಿಚ್ ಆರಿಸುತ್ತೇನೆ. ನೀರು ಹರಿದು ಬಂದ ದಾರಿ, ಗಾಳಿಯೂ ಬೆನ್ನಿಗಿರುತ್ತದೆ.