ಹಳೆಯ ಹಾರ್ಡ್ ಡಿಸ್ಕ್ ಬದಲಿಸಿದ ನನ್ನ ಅನುಭವ

ಬದಿಯಡ್ಕ ಸಮೀಪದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್, ಅಡಿಕೆ ತೋಟದ ಲೆಕ್ಕಪತ್ರ, ಜಾಗದ ದಾಖಲೆಗಳು, ತಂದೆಯವರು ಸಂಗ್ರಹಿಸಿದ ತಾಳಮದ್ದಳೆಯ ಧ್ವನಿಮುದ್ರಣಗಳು ಎಲ್ಲವೂ ಒಂದೇ 500 ಜಿಬಿ ಹಾರ್ಡ್ ಡಿಸ್ಕಿನಲ್ಲಿದ್ದವು. ಫೈಲು ತೆರೆಯುವಾಗಲೆಲ್ಲ ಯಂತ್ರ ತಡೆದು ನಿಲ್ಲತೊಡಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಡಿಸ್ಕಿನ ಸ್ಥಿತಿಯನ್ನು ನೋಡಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳನ್ನು) ತೋರಿಸುವ 'ಸಿ5' ಸಾಲಿನಲ್ಲಿ ಸೊನ್ನೆ ಇರಬೇಕಾದಲ್ಲಿ ಬೇರೆ ಅಂಕಿ ಇತ್ತು, ಅದು ಏರುತ್ತಲೂ ಇತ್ತು.

ಇಂಥ ಹೊತ್ತಿನಲ್ಲಿ ಹಲವರು ಮೊದಲು ಡಿಸ್ಕಿನ ದೋಷ ಹುಡುಕಿ ರಿಪೇರಿ ಮಾಡುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುತ್ತಾರೆ. ಅದು ಸರಿಯಲ್ಲವೆಂದೇ ನನ್ನ ಖಚಿತ ಅಭಿಪ್ರಾಯ. ರಿಪೇರಿಯೆಂದರೆ ಕೆಡುತ್ತಿರುವ ಡಿಸ್ಕಿನ ಮೇಲೆಯೇ ಪುನಃ ಬರೆಯುವುದು. ಮೊದಲು ಪೂರ್ಣ ಪ್ರತಿ ತೆಗೆದು, ರಿಪೇರಿಯನ್ನು ಪ್ರತಿಯ ಮೇಲೆ ಮಾಡಬೇಕು. ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳಬಹುದಿತ್ತು. ಆದರೆ ಲೆಕ್ಕದ ತಂತ್ರಾಂಶದ ಸಿಡಿ ಈಗ ಉಳಿದಿಲ್ಲ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬರುವ ಮೊದಲಿನ ಕನ್ನಡ ಕಡತಗಳು ಆಯಾ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ. ಆದ್ದರಿಂದ ಇದ್ದುದನ್ನು ಇದ್ದ ಹಾಗೆಯೇ 1 ಟಿಬಿ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕಿಗೆ) ದಾಟಿಸಲು ನಿರ್ಧರಿಸಿದೆ.

ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಎಸ್‌ಎಸ್‌ಡಿಯನ್ನು ಇನ್ನೊಂದು ಸಾಟಾ ಕೇಬಲಿಗೆ (ಡಿಸ್ಕನ್ನು ಮದರ್‌ಬೋರ್ಡಿಗೆ ಸೇರಿಸುವ ತಂತಿಗೆ) ಜೋಡಿಸಿದೆ. ಅನಂತರ ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಚಾಲೂ ಮಾಡಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಬಳಸಿದೆ. ಇದರ ಗುಣವೇನೆಂದರೆ, ಸುಲಭವಾಗಿ ಓದಲು ಸಿಗುವ ಭಾಗಗಳನ್ನೆಲ್ಲ ಮೊದಲು ನಕಲಿಸಿ, ಕೆಟ್ಟ ಜಾಗಗಳನ್ನು ಕೊನೆಗೆಂದು ಬಿಟ್ಟಿಡುತ್ತದೆ. ಎಲ್ಲಿಯವರೆಗೆ ಆಯಿತೆಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ನಮ್ಮಲ್ಲಿ ಮಳೆಗಾಲದ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಆ ಫೈಲನ್ನು ಬೇರೊಂದು ಪೆನ್‌ಡ್ರೈವಿನಲ್ಲಿ ಇಟ್ಟೆ. ಕರೆಂಟು ಹೋದರೂ ನಿಂತಲ್ಲಿಂದಲೇ ಕೆಲಸ ಮುಂದುವರಿಯುತ್ತದೆ. ಆಜ್ಞೆಯಲ್ಲಿ ಮೊದಲು ಹಳೆಯ ಡಿಸ್ಕು, ಆಮೇಲೆ ಹೊಸದು. ಈ ಕ್ರಮ ತಿರುವುಮುರುವಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ಅಳಿಸಿಬಿಡುವುದರಿಂದ, ಎಂಟರ್ ಒತ್ತುವ ಮೊದಲು ಎರಡರ ಮಾದರಿ ಸಂಖ್ಯೆಯನ್ನೂ ಗಾತ್ರವನ್ನೂ ಲೇಬಲಿನೊಂದಿಗೆ ತಾಳೆ ನೋಡಿದೆ.

ನಕಲು ಮುಗಿದ ಮೇಲೆ ಹಳೆಯ ಡಿಸ್ಕನ್ನು ಕಳಚಿಯೇ ವಿಂಡೋಸ್ ಚಾಲೂ ಮಾಡಬೇಕು. ಎರಡಕ್ಕೂ ಒಂದೇ ಗುರುತು ಇರುವುದರಿಂದ ಒಟ್ಟಿಗಿದ್ದರೆ ಗೊಂದಲವಾಗುತ್ತದೆ. ಚೆಕ್‌ಡಿಸ್ಕನ್ನು ಓಡಿಸಿದ್ದು ಆಗ, ಹೊಸದರ ಮೇಲೆ. ಉಳಿದ ಖಾಲಿ ಜಾಗ ಡಿ ಡ್ರೈವಿನ ಪಕ್ಕದಲ್ಲೇ ಇದ್ದುದರಿಂದ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದನ್ನು ಸುಲಭವಾಗಿ ಸೇರಿಸಿಕೊಂಡೆ.

ನಮ್ಮ ಹಳೆಯ ಮದರ್‌ಬೋರ್ಡಿನ ಸಾಟಾ 2 ಮಾರ್ಗದಲ್ಲಿ ಸೆಕೆಂಡಿಗೆ 300 ಎಂಬಿಗಿಂತ ಹೆಚ್ಚು ಹರಿಯದು. ಆದರೂ ವೇಗದ ವ್ಯತ್ಯಾಸ ದೊಡ್ಡದು, ಏಕೆಂದರೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗ ಬರುವುದನ್ನು ಕಾಯುವ ಕೆಲಸ ಎಸ್‌ಎಸ್‌ಡಿಯಲ್ಲಿಲ್ಲ. ಓದಲಾಗದೆ ಹೋದ ಚೂರು ಒಂದು ಧ್ವನಿಮುದ್ರಣದೊಳಗೆ ಬಿದ್ದಿತ್ತು; ಅದರ ಇನ್ನೊಂದು ಪ್ರತಿ ನೀರ್ಚಾಲಿನ ಬಂಧುಗಳಲ್ಲಿ ಸಿಕ್ಕಿತು. ಈಗ ಎಲ್ಲ ಧ್ವನಿಮುದ್ರಣಗಳ ಒಂದು ಪ್ರತಿಯನ್ನು ಅವರ ಮನೆಯಲ್ಲಿಯೂ ಇಟ್ಟಿದ್ದೇವೆ.