ತೋಟದ ಹುಳಿಮಣ್ಣಿಗೆ ಸುಣ್ಣ, ಸೊಪ್ಪು, ಗೊಬ್ಬರ: ಯಾವುದು ಮೊದಲು, ಎಷ್ಟು, ಯಾವಾಗ

ಶಿರಸಿ ಸೀಮೆಯ ಅಡಿಕೆ ತೋಟಗಳಿಗೆ ನಾವು ಸುಣ್ಣವನ್ನೂ ಕೊಡುತ್ತೇವೆ, ಸೊಪ್ಪನ್ನೂ ಹಾಕುತ್ತೇವೆ, ಯೂರಿಯಾ, ಪೊಟ್ಯಾಶ್ ಚೀಲಗಳನ್ನೂ ತರುತ್ತೇವೆ; ಆದರೆ ಇವುಗಳ ನಡುವೆ ಇರಬೇಕಾದ ಅಂತರವನ್ನು ಮಾತ್ರ ಆಳು ಸಿಕ್ಕ ದಿನ ನೋಡಿ ತೀರ್ಮಾನಿಸುತ್ತೇವೆ. ಒಂದೇ ವಾರದಲ್ಲಿ ಎಲ್ಲವನ್ನೂ ಬುಡಕ್ಕೆ ಸುರಿದರೆ ಖರ್ಚೇನೋ ಪೂರ್ತಿಯಾಗುತ್ತದೆ, ಮರಕ್ಕೆ ಮುಟ್ಟುವುದು ಮಾತ್ರ ಕಡಿಮೆ.

ನಮ್ಮ ಮಣ್ಣು ಹುಳಿಯಾಗಿರುವುದಕ್ಕೆ ಮಳೆಯೇ ಮೊದಲ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಪೊಟ್ಯಾಶನ್ನು ಕರಗಿಸಿ ಕಾದಿಗೆಯ, ಅಂದರೆ ತೋಟದ ಬಸಿಗಾಲುವೆಯ ಮೂಲಕ ಹಳ್ಳಕ್ಕೆ ಸಾಗಿಸುತ್ತದೆ. ಹಿಂದೆ ಉಳಿಯುವುದು ಚಿರೇಕಲ್ಲಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣ ಮತ್ತು ಅದರ ಜೊತೆಗಿರುವ ಅಲ್ಯೂಮಿನಿಯಂ. ರಸಸಾರ, ಅಂದರೆ ಮಣ್ಣು ಪರೀಕ್ಷೆಯ ವರದಿಯಲ್ಲಿ ಪಿ.ಎಚ್. ಎಂದು ನಮೂದಿಸಿರುವ ಅಂಕಿ, 5.5ಕ್ಕಿಂತ ಕೆಳಗಿಳಿದಾಗ ಈ ಅಲ್ಯೂಮಿನಿಯಂ ಕರಗಲಾರಂಭಿಸಿ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿ ಹಿಡಿದಿಟ್ಟುಕೊಳ್ಳುತ್ತವೆ. ಈ ಅಂಕಿಯಲ್ಲಿ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ; ಆದ್ದರಿಂದ 6 ಮತ್ತು 5ರ ನಡುವಿನ ವ್ಯತ್ಯಾಸವನ್ನು ಚಿಕ್ಕದೆಂದು ಭಾವಿಸಬಾರದು.

ಆದುದರಿಂದ ಮೊದಲ ಕೆಲಸ ಮಣ್ಣಿನ ಪರೀಕ್ಷೆ. ಫೆಬ್ರವರಿಯ ಗೊಬ್ಬರದ ಕಂತಿಗೆ ಮುನ್ನ, ಜನವರಿಯಲ್ಲಿ ಮಾದರಿ ತೆಗೆಯುವುದು ಅನುಕೂಲಕರ. ತೋಟದಲ್ಲಿ ಅಲ್ಲಲ್ಲಿ ಎಂಟು ಹತ್ತು ಮರಗಳನ್ನು ಆರಿಸಿಕೊಂಡು, ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಮೇಲಿನ ದರಕನ್ನು (ಒಣ ಎಲೆಗಳನ್ನು) ಸರಿಸಿ, ಒಂದು ಅಡಿ ಆಳದ ಗುಂಡಿ ತೋಡಿ, ಅದರ ಪಕ್ಕದ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಬರುವಂತೆ ಮಣ್ಣನ್ನು ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಬಿಡುತ್ತ ಬಂದರೆ ಕೊನೆಗೆ ಅರ್ಧ ಕಿಲೋ ಉಳಿಯುತ್ತದೆ. ಅದನ್ನು ನೆರಳಿನಲ್ಲಿ ಒಣಗಿಸಬೇಕು. ಗೊಬ್ಬರದ ಖಾಲಿ ಚೀಲದ ಮೇಲೆ ಹರವಿ ಒಣಗಿಸಿದರೆ ವರದಿಯಲ್ಲಿ ಬರುವುದು ಚೀಲದ ಗುಣವೇ ಹೊರತು ತೋಟದ್ದಲ್ಲ. ಕಾದಿಗೆಯ ಅಂಚು, ಗೊಬ್ಬರ ರಾಶಿ ಹಾಕಿದ್ದ ಜಾಗ, ಹಿಂದಿನ ವರ್ಷ ಹೊಸಮಣ್ಣು ಹಾಕಿದ ಭಾಗ, ಇವುಗಳನ್ನು ಬಿಡಬೇಕು ಅಥವಾ ಬೇರೆ ಮಾದರಿಯಾಗಿ ಕೊಡಬೇಕು. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಾದರಿ ಕೊಡುವಾಗ ರಸಸಾರದ ಜೊತೆಗೆ ಎಷ್ಟು ಸುಣ್ಣ ಬೇಕೆಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು. ಒಂದೇ ರಸಸಾರವಿದ್ದರೂ ಜೇಡಿ ಹೆಚ್ಚಿರುವ ಮಣ್ಣಿಗೆ ಬೇಕಾಗುವಷ್ಟು ಸುಣ್ಣ ಮರಳುಮಣ್ಣಿಗೆ ಬೇಕಾಗುವುದಿಲ್ಲ.

ಸುಣ್ಣವೆಂದರೆ ಎಲ್ಲವೂ ಒಂದೇ ಅಲ್ಲ. ಪ್ರಯೋಗಾಲಯದವರು ಸಾಮಾನ್ಯವಾಗಿ ಲೆಕ್ಕ ಹಾಕುವುದು ಸುಣ್ಣಕಲ್ಲಿನ ಪುಡಿಯ ಆಧಾರದ ಮೇಲೆ. ಶುದ್ಧ ಸುಣ್ಣಕಲ್ಲಿನ ಪುಡಿ 100 ಕಿಲೋ ಮಾಡುವ ಕೆಲಸವನ್ನು 74 ಕಿಲೋ ಅರಳಿದ ಸುಣ್ಣ ಅಥವಾ 56 ಕಿಲೋ ಸುಟ್ಟ ಸುಣ್ಣ ಮಾಡುತ್ತದೆ. ಕರಾವಳಿಯ ಕಡೆಯಿಂದ ಬರುವ, ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ನೀರು ಹಾಕಿ ಅರಳಿಸಿ, ಆರಿದ ಮೇಲೆ ಜರಡಿ ಹಿಡಿದು ಬಳಸಬೇಕು. ಅರಳದ ಉಂಡೆ ಬೇರಿಗೆ ತಾಗಿದರೆ ಸುಡುತ್ತದೆ. ಸುಣ್ಣಕಲ್ಲಿನ ಜಾತಿಯದೇ ಆದ ಡೋಲೋಮೈಟ್ ಪುಡಿ ನಿಧಾನವಾಗಿ ಕೆಲಸ ಮಾಡುತ್ತದೆ, ಆದರೆ ಮೆಗ್ನೀಸಿಯಂ ಕೂಡ ಕೊಡುತ್ತದೆ. ಹಳೆಯ ಎಲೆಗಳು ಹಳದಿಯಾಗುವ ತೋಟಗಳಲ್ಲಿ, ವರದಿಯೂ ಮೆಗ್ನೀಸಿಯಂ ಕಡಿಮೆಯಿದೆ ಎಂದರೆ, ನಾನು ಡೋಲೋಮೈಟನ್ನೇ ಆರಿಸುತ್ತೇನೆ. ಕಲ್ಲಿನ ಪುಡಿ ಯಾವುದೇ ಇರಲಿ, ಹಿಟ್ಟಿನಷ್ಟು ನುಣ್ಣಗಿರಬೇಕು. ಕಾಳುಕಾಳಾಗಿದ್ದರೆ ಅದು ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಅಡಿಕೆಗೆ ರೂಢಿಯಲ್ಲಿರುವ ಶಿಫಾರಸು ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ. ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ, ಒಂದೆರಡು ಅಡ್ಡಮಳೆ ಬಿದ್ದು ಮಣ್ಣು ಹದವಾದಾಗ, ಬುಡದ ಸುತ್ತ ಮೂರು ಅಡಿಯವರೆಗೆ ಹರಡಿ ಹಗುರವಾಗಿ ಕೊಚ್ಚಿ ಬೆರೆಸಬೇಕು. ಕಾಂಡಕ್ಕೆ ಆನಿಸಿ ಗುಡ್ಡೆ ಹಾಕುವುದರಿಂದ ಪ್ರಯೋಜನವಿಲ್ಲ. ಸುಣ್ಣ ತಾನಾಗಿ ಪಕ್ಕಕ್ಕೆ ಸರಿಯುವುದಿಲ್ಲ, ಬಿದ್ದಲ್ಲಿಯೇ ಕೆಲಸ ಮಾಡುತ್ತದೆ. ರಸಸಾರ 6ರ ಆಸುಪಾಸಿಗೆ ಬಂದರೆ ಸಾಕು. ಕವಳಕ್ಕೆ (ಎಲೆ ಅಡಿಕೆಗೆ) ಸುಣ್ಣ ಹೆಚ್ಚಾದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ; ಮಣ್ಣಿಗೂ ಅತಿಯಾದರೆ ಸತು, ಬೋರಾನ್‌ಗಳು ಬೇರಿಗೆ ಸಿಗದಂತಾಗುತ್ತವೆ. ಅಡಿಕೆಯ ಕೊಳೆರೋಗಕ್ಕೆಂದು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣವಿದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ. ನೂರು ಲೀಟರಿಗೆ ಒಂದು ಕಿಲೋ ಸುಣ್ಣ ಹಾಕಿ ಅದನ್ನು ಎಷ್ಟೋ ಮರಗಳಿಗೆ ಹಂಚಿದ ಮೇಲೆ ಒಂದೊಂದು ಬುಡಕ್ಕೆ ಬೀಳುವುದು ಚಿಟಿಕೆಯಷ್ಟೇ; ಮಣ್ಣಿನಲ್ಲಿ ಶೇಖರವಾಗುವುದು ಅದರ ಜೊತೆಯಲ್ಲಿರುವ ಮೈಲುತುತ್ತದ ತಾಮ್ರ.

ಇನ್ನು ಬೆರಕೆಯ ವಿಚಾರ. ಹಿಂದೊಮ್ಮೆ ಕೂಲಿ ಉಳಿಸುವ ಆಸೆಯಿಂದ ನಾನು ಅರಳಿದ ಸುಣ್ಣವನ್ನು ಕೊಟ್ಟಿಗೆ ಗೊಬ್ಬರದ ರಾಶಿಗೇ ಎರಚಿ, ಎರಡನ್ನೂ ಒಂದೇ ಬುಟ್ಟಿಯಲ್ಲಿ ಹೊರಿಸಲು ಹೊರಟಿದ್ದೆ. ಗುದ್ದಲಿಯಿಂದ ಎರಡು ಸಲ ತಿರುವುವಷ್ಟರಲ್ಲಿ ರಾಶಿಯಿಂದ ಎದ್ದ ಘಾಟಿಗೆ ಕಣ್ಣಲ್ಲಿ ನೀರು ಬಂದು, ಕೆಲಸಕ್ಕೆ ಬಂದವರು ಬುಟ್ಟಿ ಬಿಟ್ಟು ಗಾಳಿಯ ಕಡೆಗೆ ಓಡಿದರು. ಆ ಘಾಟು ಅಮೋನಿಯಾ. ವರ್ಷವಿಡೀ ದನಗಳ ಅಡಿಗೆ ಸೊಪ್ಪು ಹಾಸಿ ಕೂಡಿಟ್ಟಿದ್ದ ಸಾರಜನಕ ಕಣ್ಣೆದುರೇ ಗಾಳಿಗೆ ಹೋಗುತ್ತಿತ್ತು. ಅಮೋನಿಯಂ ಸಲ್ಫೇಟ್, ಯೂರಿಯಾಗಳ ಜೊತೆಗೆ ಸುಣ್ಣ ಅಥವಾ ಒಲೆಯ ಬೂದಿ ಸೇರಿದಾಗಲೂ ಆಗುವುದು ಇಂಥದೇ ನಷ್ಟ, ಅದು ಬಯಲಿನಲ್ಲಿ ನಮ್ಮ ಮೂಗಿಗೆ ಬಡಿಯುವುದಿಲ್ಲ ಅಷ್ಟೆ. ಸೂಪರ್ ಫಾಸ್ಫೇಟಿಗೆ ಸುಣ್ಣ ತಾಗಿದರೆ ಅದರ ಕರಗುವ ರಂಜಕ ಕರಗದ ರೂಪಕ್ಕೆ ತಿರುಗುತ್ತದೆ. ಸುಣ್ಣಕ್ಕೂ ಇವುಗಳಿಗೂ ನಡುವೆ ಕನಿಷ್ಠ ಮೂರು ವಾರಗಳ ಅಂತರವಿರಲಿ.

ಸಾವಯವ ಪದಾರ್ಥವಿಲ್ಲದ ಮಣ್ಣಿನಲ್ಲಿ ಸುಣ್ಣವಾಗಲಿ ಪೊಟ್ಯಾಶಾಗಲಿ ನಿಲ್ಲುವುದಿಲ್ಲ. ನಮ್ಮ ಜೇಡಿಯ ಹಿಡಿದಿಡುವ ಶಕ್ತಿ ತೀರಾ ಕಡಿಮೆ. ಆ ಕೆಲಸವನ್ನು ಹೆಚ್ಚಾಗಿ ಮಾಡುವುದು ಕೊಳೆತ ಸೊಪ್ಪಿನ ಕಪ್ಪು ಅಂಶವೇ, ಮತ್ತು ಅಲ್ಯೂಮಿನಿಯಂನ ಕಾಟವನ್ನು ತಗ್ಗಿಸುವುದೂ ಅದೇ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂಬುದು ಶಿಫಾರಸು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ಕಡಿದುಕೊಳ್ಳುವ ಕಾಡಿನ ಸವಲತ್ತು ಹಿಂದಿನಿಂದ ಬಂದದ್ದು ತೋಟಕ್ಕೆ ಬೇಕಾಗುವ ಸೊಪ್ಪಿಗಾಗಿಯೇ. ಆದರೆ ಪ್ರತಿವರ್ಷ ತುದಿಯವರೆಗೆ ಸವರಿದ ಬೆಟ್ಟ ಬೋಳಾಗುತ್ತದೆ, ಆದ್ದರಿಂದ ಬೆಟ್ಟವನ್ನು ಪಾಲು ಮಾಡಿಕೊಂಡು ಸರದಿಯ ಮೇಲೆ ಸೊಪ್ಪು ಕಡಿಯುವುದು ಮತ್ತು ಬೇಲಿಯಲ್ಲಿ ಸೊಪ್ಪಿಗಾಗಿ ಗ್ಲಿರಿಸೀಡಿಯಾ ಗಿಡ ಬೆಳೆಸುವುದು ಒಳ್ಳೆಯದು. ಅಡಿಕೆ ಸಿಪ್ಪೆ, ಸೋಗೆ, ಹಾಳೆಗಳನ್ನು ಸಗಣಿ ನೀರಿನೊಡನೆ ಪದರ ಪದರವಾಗಿ ಕೊಳೆಸಬಹುದು. ಹಾಗೆಯೇ ಬುಡಕ್ಕೆ ಹೂತರೆ ಕೊಳೆಯುವಾಗ ಅವೇ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಗೊಬ್ಬರ ಗುಂಡಿಗೆ ಮಳೆಗಾಲದಲ್ಲಿ ಒಂದು ಮಾಡು ಬೇಕು. ಗುಂಡಿಯಿಂದ ಹರಿದು ಹೋಗುವ ಕಂದು ನೀರಿನಲ್ಲಿ ಪೊಟ್ಯಾಶ್ ಇರುತ್ತದೆ. ಅದನ್ನು ಬಿಟ್ಟು ಪೇಟೆಯಿಂದ ಚೀಲ ತರುವುದು ವಿಚಿತ್ರ ವ್ಯವಹಾರ.

ರಾಸಾಯನಿಕ ಗೊಬ್ಬರದ ಪಾಳಿ ಕೊನೆಯದು. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಬೇಕು. ಅಂದರೆ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), 235 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಶ್. ಇದನ್ನು ಸೆಪ್ಟೆಂಬರ್-ಅಕ್ಟೋಬರ್ ಮತ್ತು ಫೆಬ್ರವರಿ, ಹೀಗೆ ಎರಡು ಕಂತಿನಲ್ಲಿ ಕೊಡಬೇಕು. ಮೇ ಕೊನೆಯಲ್ಲಿ ಕೊಟ್ಟ ಯೂರಿಯಾವನ್ನು ಜೂನ್ ಮಳೆ ತೊಳೆದು ಒಯ್ಯುತ್ತದೆ. ಶಿಲಾರಂಜಕ ಕರಗಲು ಹುಳಿಯೇ ಬೇಕು, ಹಾಗಾಗಿ ಸುಣ್ಣ ಹಾಕಿದ ಹೊಸದರಲ್ಲಿ ಅದನ್ನು ಕೊಡದೆ ಕಾಯುವುದು ಲೇಸು. ವರದಿಯಲ್ಲಿ ರಂಜಕ ಹೇರಳವಾಗಿದ್ದರೆ ಆ ವರ್ಷ ಅದನ್ನು ಬಿಟ್ಟರೂ ನಷ್ಟವಿಲ್ಲ.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ನೂರು ಕಿಲೋ ಯೂರಿಯಾ ಮಣ್ಣಿನಲ್ಲಿ ಉಂಟುಮಾಡುವ ಹುಳಿಯನ್ನು ತೆಗೆಯಲು ಸುಮಾರು 80 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಅಮೋನಿಯಂ ಸಲ್ಫೇಟಿಗಾದರೆ 110 ಕಿಲೋ. ಮರಕ್ಕೆ ವರ್ಷಕ್ಕೆ 220 ಗ್ರಾಂ ಯೂರಿಯಾ ಎಂದರೆ ಸುಮಾರು 175 ಗ್ರಾಂ ಸುಣ್ಣದ ಬಾಕಿ, ಮೂರು ವರ್ಷಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು. ಅಂದರೆ ಮೂರು ವರ್ಷಕ್ಕೊಮ್ಮೆ ಕೊಡುವ ಅರ್ಧ ಕಿಲೋ ಕಲ್ಲಿನ ಪುಡಿ ಯೂರಿಯಾದ ಬಾಕಿಗೇ ಸರಿಹೋಗುತ್ತದೆ. ಮೊದಲಿನಿಂದ ಇದ್ದ ಹುಳಿ ಹಾಗೆಯೇ ಉಳಿದಿರುತ್ತದೆ. ರಸಸಾರ 5ರ ಕೆಳಗಿರುವ ತೋಟಕ್ಕೆ ಹೆಚ್ಚು ಬೇಕು, ಆದರೆ ಅದನ್ನು ಒಂದೇ ಸಲ ಸುರಿಯದೆ ಎರಡು ಮೂರು ವರ್ಷಗಳಿಗೆ ಹಂಚಬೇಕು.

ಘಟ್ಟ ಇಳಿದ ಮೇಲೆ ಇದೇ ಕ್ರಮ ನಡೆಯುವುದಿಲ್ಲ. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ರಸಸಾರ ಕೆಲವು ವಾರಗಳಲ್ಲಿ ತಾನಾಗಿಯೇ ಮೇಲೇರುವುದರಿಂದ ತೋಟದಷ್ಟು ಸುಣ್ಣ ಬೇಕಾಗುವುದಿಲ್ಲ. ಕೊಡುವುದಾದರೆ ನಾಟಿಗೆ ಎರಡು ಮೂರು ವಾರ ಮುಂಚೆ ಕೊಡಬೇಕು, ಹಸಿರೆಲೆ ಗೊಬ್ಬರಕ್ಕೆಂದು ಬೀಜ ಎರಚಿ ಬೆಳೆಸಿದ ಸೆಣಬನ್ನು ಹೂಬಿಡುವ ಮೊದಲೇ ಉತ್ತು ಸೇರಿಸಬೇಕು. ಕುಮಟಾ ಕಡೆ ಕಗ್ಗ ಭತ್ತ ಬೆಳೆಯುವ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಮೊದಲ ಪ್ರಶ್ನೆ ಉಪ್ಪಿನದು, ಅದನ್ನು ಮಳೆನೀರಿನಿಂದ ತೊಳೆಯದೆ ಸುಣ್ಣದ ಮಾತು ಎತ್ತಬಾರದು. ಅಂಕೋಲಾ, ಕಾರವಾರದ ಮರಳು ಪಟ್ಟಿಯ ತೆಂಗಿಗೆ ವರ್ಷಕ್ಕೆ ಬೇಕಾಗುವ ಸುಮಾರು 1.1 ಕಿಲೋ ಯೂರಿಯಾ ಮತ್ತು 2 ಕಿಲೋ ಮ್ಯುರಿಯೇಟ್ ಆಫ್ ಪೊಟ್ಯಾಶನ್ನು ಮೂರು ನಾಲ್ಕು ಕಂತುಗಳಾಗಿ ಒಡೆದು ಕೊಡಬೇಕು, ಬುಡದ ಪಾತಿಯಲ್ಲಿ ತೆಂಗಿನ ಸಿಪ್ಪೆಯನ್ನು ನಾರು ಮೇಲಾಗಿ ಹೂತು ತೇವ ಹಿಡಿಸಬೇಕು.

ಸುಣ್ಣ ಹಾಕಿದ ಎರಡನೆಯ ಅಥವಾ ಮೂರನೆಯ ಜನವರಿಯಲ್ಲಿ ಅದೇ ಮರಗಳ ಬುಡದಿಂದ, ಅಷ್ಟೇ ಆಳದಿಂದ ಮತ್ತೆ ಮಾದರಿ ತೆಗೆಯಬೇಕು. ಮರಗಳಿಗೆ ಬಣ್ಣದ ಗುರುತು ಹಾಕಿಟ್ಟರೆ ಹುಡುಕಾಡಬೇಕಾಗುವುದಿಲ್ಲ, ಹಳೆಯ ವರದಿಯನ್ನು ಎಸೆಯದೆ ಇಟ್ಟುಕೊಂಡಿದ್ದರೆ ಮುಂದಿನ ಏಪ್ರಿಲ್‌ನಲ್ಲಿ ಎಷ್ಟು ಸುಣ್ಣ ತರಿಸಬೇಕೆಂಬುದು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗಲೇ ತಿಳಿಯುತ್ತದೆ.